ತೊಟ್ಟಿಲಿನಿಂದ ಕೂಸಿನ ಮನೆಯವರೆಗೆ

ರಾಜಶೇಖರಸೂರಿಯು ಕ್ರಿ.ಶ. 1349ರಲ್ಲಿ ರಚಿಸಿದ ಪ್ರಬಂಧಕೋಶದಲ್ಲಿ ಭದ್ರಬಾಹುಸ್ವಾಮಿ ಮತ್ತು ವರಾಹಮಿಹಿರರ ಕಥೆಯೊಂದಿದೆ. ಇಬ್ಬರೂ ಸೋದರರೆಂದು ಆ ಕಥೆ ಹೇಳುತ್ತದೆ. ಇತಿಹಾಸದ ದೃಷ್ಟಿಯಿಂದ ಇದು ಒಪ್ಪುವ ಮಾತಲ್ಲ. ಶ್ರುತಕೇವಲಿ ಭದ್ರಬಾಹುವಿಗೂ ಕ್ರಿ.ಶ. ಆರನೆಯ ಶತಮಾನದ ಜ್ಯೋತಿರ್ವಿದ ವರಾಹಮಿಹಿರನಿಗೂ ನಡುವೆ ಎಂಟು ನೂರು ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಆದರೂ ಆ ಕಥೆಯನ್ನು ಕೇಳದ ಶ್ರಾವಕ ಮನೆ ವಿರಳ. ವರಾಹಮಿಹಿರನಿಗೆ ಗಂಡುಮಗು ಹುಟ್ಟುತ್ತದೆ. ತಂದೆ ಜಾತಕ ಬರೆದು ಮಗನಿಗೆ ನೂರು ವರ್ಷ ಆಯುಷ್ಯವೆನ್ನುತ್ತಾನೆ. ಊರಿನವರೆಲ್ಲ ಬಂದು ಹರಸಿದರೂ ಭದ್ರಬಾಹುಸ್ವಾಮಿ ಬರುವುದಿಲ್ಲ. ಕಾರಣ ಕೇಳಿದವರಿಗೆ, ಆ ಕೂಸು ಏಳನೆಯ ದಿನ ಬೆಕ್ಕಿನ ದೆಸೆಯಿಂದ ಸಾಯುತ್ತದೆಂಬ ಉತ್ತರ ದೊರೆಯುತ್ತದೆ. ತಂದೆ ಊರಿನ ಬೆಕ್ಕುಗಳನ್ನೆಲ್ಲ ಹೊರಗಟ್ಟಿಸುತ್ತಾನೆ, ಮನೆಗೆ ಕಾವಲಿಡುತ್ತಾನೆ. ಏಳನೆಯ ದಿನ ದಾದಿಯು ಬಾಗಿಲ ಬಳಿ ಕುಳಿತು ಕೂಸಿಗೆ ಹಾಲೂಡುತ್ತಿರುವಾಗ ಬಾಗಿಲ ಅಗುಳಿ ಜಾರಿ ಕೂಸಿನ ತಲೆಯ ಮೇಲೆ ಬೀಳುತ್ತದೆ, ಕೂಸು ಸಾಯುತ್ತದೆ. ಬೆಕ್ಕೆಲ್ಲಿ ಎಂದು ನೋಡಿದರೆ ಅಗುಳಿಯ ತುದಿಯಲ್ಲಿ ಬೆಕ್ಕಿನ ಮುಖವನ್ನು ಕೆತ್ತಲಾಗಿತ್ತು.

ಈ ಕಥೆಯನ್ನು ನಿಮಿತ್ತಜ್ಞಾನದ ಮಹಿಮೆಯನ್ನು ಸಾರುವುದಕ್ಕಾಗಿ ಹೇಳುವುದು ರೂಢಿ. ನನಗೆ ಬಾಲ್ಯದಿಂದಲೂ ಅದರಲ್ಲಿ ಬೇರೊಂದು ಸಂಗತಿ ಕಾಣುತ್ತ ಬಂದಿದೆ. ಊರಿನ ಬೆಕ್ಕುಗಳನ್ನೆಲ್ಲ ಓಡಿಸಿದ ತಂದೆ ತನ್ನದೇ ಬಾಗಿಲಿನ ಅಗುಳಿಯತ್ತ ಕಣ್ಣೆತ್ತಿ ನೋಡಲಿಲ್ಲ. ಕೂಸಿಗೆ ಅಪಾಯ ಹೊರಗಿನಿಂದ ಬರುತ್ತದೆಂದು ಆತ ನಂಬಿದ್ದ, ಅದು ಮನೆಯ ಕಟ್ಟಡದಲ್ಲಿಯೇ ತೂಗಾಡುತ್ತಿತ್ತು. ಎಳೆಯ ಮಕ್ಕಳನ್ನು ಮನೆಯೊಳಗೆ ಜೋಪಾನ ಮಾಡುವ ಪದ್ಧತಿಗಳ ಚರಿತ್ರೆಯನ್ನು ಕುರಿತು ಬರೆಯಹೊರಟಾಗ ಇದಕ್ಕಿಂತ ತಕ್ಕ ಆರಂಭ ನನಗೆ ತೋಚಲಿಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ನನಗೆ ಪರಿಚಿತವಾದ ಸೀಮೆ. ಹೆಸರೇನೋ ಬೆಳಕಿನ ಬೆಟ್ಟವೆಂಬ ಅರ್ಥದ ಪಾರಸಿ ಮಾತು, ಜಗತ್ತೆಲ್ಲ ಬಲ್ಲ ವಜ್ರದ್ದೂ ಅದೇ ಹೆಸರು. ಊರು ಮಾತ್ರ ಜೋಳ, ತೊಗರಿ, ಹೆಸರು, ಉದ್ದುಗಳನ್ನು ನಂಬಿದ ಸೀಮೆಯದು. ಇತ್ತ ಬಸವಕಲ್ಯಾಣ, ಅತ್ತ ಹುಮನಾಬಾದ. ಹೈದರಾಬಾದಿನಿಂದ ಸೊಲ್ಲಾಪುರದ ಮೂಲಕ ಪುಣೆಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದು ಹೋಗುತ್ತದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ನಾಡಿನ ಹಳೆಯ ಮನೆಗಳನ್ನು ಕಂಡವರಿಗೆ ಅವುಗಳ ರಚನೆ ನೆನಪಿರುತ್ತದೆ. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಜಾಗ, ಅಲ್ಲಿಂದ ಮೊಳಕಾಲೆತ್ತರಕ್ಕೆ ಕಟ್ಟೆ ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ ಮತ್ತು ಬಚ್ಚಲು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ದೊಡ್ಡವರಿಗೆ ಇದಕ್ಕಿಂತ ಹಿತವಾದ ಮನೆಯಿಲ್ಲ. ಅಂಬೆಗಾಲಿಕ್ಕುವ ಕೂಸಿನ ಕಣ್ಣಿನಿಂದ ನೋಡಿದರೆ ಇದೇ ಮನೆ ಬೇರೆಯಾಗಿ ಕಾಣುತ್ತದೆ. ಕಟ್ಟೆಯ ಅಂಚಿನಿಂದ ಉರುಳಿದರೆ ಎತ್ತಿನ ಕಾಲ ಕೆಳಗೆ. ಅಡುಗೆಮನೆಯಲ್ಲಿ ನೆಲದ ಮಟ್ಟದ ಒಲೆ. ಬಚ್ಚಲಲ್ಲಿ ಕುದಿಯುವ ಹಂಡೆ. ಹಿತ್ತಲಲ್ಲಿ ಸೇದುವ ಬಾವಿ. ಇವೆಲ್ಲಕ್ಕಿಂತ ಹೆಚ್ಚಾಗಿ, ಅಂಗಳದಲ್ಲಿಯೋ ಪಡಸಾಲೆಯ ನೆಲದಲ್ಲಿಯೋ ಜೋಳ ತುಂಬಿಡುವ ಹಗೇವು.

ಹಗೇವಿನ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಈಗಿನ ತಲೆಮಾರಿನ ಅನೇಕರು ಅದನ್ನು ನೋಡಿಯೇ ಇಲ್ಲ. ನೆಲದೊಳಗೆ ಆಳವಾಗಿ ತೋಡಿದ ಕಣಜವದು. ಬಾಯಿ ಒಬ್ಬನು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಜೋಳ ತುಂಬಿದ ಮೇಲೆ ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡುವುದರಿಂದ ಪ್ರಾಣವಾಯು ತೀರಿ ಅಂಗಾರಾಮ್ಲ ಅನಿಲ ತುಂಬಿಕೊಳ್ಳುತ್ತದೆ. ಹುಳುಗಳು ಸಾಯುವುದೂ ಕಾಳು ಉಳಿಯುವುದೂ ಇದರಿಂದಲೇ. ಆದರೆ ತೆರೆದ ಕೂಡಲೇ ಇಳಿದ ಮನುಷ್ಯನೂ ಉಳಿಯುವುದಿಲ್ಲ. ಆದುದರಿಂದ ಹಗೇವು ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ಕ್ರಮವಿತ್ತು. ಹಗೇವು ತೆರೆಯುವ ದಿನ ಮನೆಯ ಮಕ್ಕಳನ್ನೆಲ್ಲ ಒಬ್ಬ ಮುದುಕಿಯ ವಶಕ್ಕೆ ಕೊಟ್ಟು ಬೇರೆ ಮನೆಗೆ ಕಳುಹಿಸುತ್ತಿದ್ದರು. ಬರೆದಿಟ್ಟ ನಿಯಮವಲ್ಲ, ಆದರೂ ಮೀರಿದವರಿಲ್ಲ. ಗೃಹಸ್ಥನ ಎಚ್ಚರವೆಂದರೆ ಏನೆಂಬುದನ್ನು ನಾನು ಮೊದಲು ಕಂಡದ್ದು ಆ ದಿನಗಳಲ್ಲಿ.

ಇಂಥ ಮನೆಗಳಲ್ಲಿ ಕೂಸನ್ನು ಕಾಯುವ ಸಾಧನಗಳು ಯಾವುವು? ಮೊದಲ ತಿಂಗಳುಗಳಲ್ಲಿ ತೊಟ್ಟಿಲು. ಬಡವರಲ್ಲಿ ತೊಲೆಗೆ ಕಟ್ಟಿದ ಸೀರೆಯ ಜೋಳಿಗೆ. ಹೊಲಕ್ಕೆ ಹೋದಾಗ ಅದೇ ಜೋಳಿಗೆ ಬೇವಿನ ಇಲ್ಲವೆ ಜಾಲಿಯ ಟೊಂಗೆಗೆ ಏರುತ್ತಿತ್ತು. ನಾಯಿ, ಹಾವು, ಚೇಳುಗಳಿಂದ ಕೂಸನ್ನು ನೆಲದಿಂದ ಮೇಲೆತ್ತಿ ಇಡುವುದೇ ಅದರ ಉಪಯೋಗ. ಕೂಸು ಮಗ್ಗುಲಾಗಿ ಎದ್ದು ಕೂರತೊಡಗಿದ ದಿನದಿಂದ ತೊಟ್ಟಿಲೇ ಅಪಾಯಕರ. ಅಲ್ಲಿಂದ ಮುಂದಿನ ಕಾವಲು ಹೊಸ್ತಿಲಿನದು. ಎತ್ತರದ ಹೊಸ್ತಿಲು ಹಾವಿಗೂ ಮಳೆನೀರಿಗೂ ಅಡ್ಡಿಯಾದಂತೆ ಅಂಬೆಗಾಲಿಗೂ ಅಡ್ಡಿ. ಕೂಸು ಮೊದಲ ಬಾರಿ ಹೊಸ್ತಿಲು ದಾಟಿದ ದಿನ ಅದಕ್ಕೆ ಪೂಜೆ ಮಾಡಿ ಸಿಹಿ ಹಂಚುವ ಸಂಪ್ರದಾಯ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಸಂತೋಷದ ಶಾಸ್ತ್ರವದು ನಿಜ. ಆದರೆ ಅಂದಿನಿಂದ ಒಂದು ಕಾವಲು ಮುಗಿಯಿತೆಂದು ಮನೆಮಂದಿಗೆಲ್ಲ ಸಾರುವ ಶಾಸ್ತ್ರವೂ ಹೌದು. ಕಾಲಿನ ಗೆಜ್ಜೆಯನ್ನು ಅಲಂಕಾರವೆಂದಷ್ಟೇ ತಿಳಿಯಬಾರದು. ಒಲೆಯ ಮುಂದೆ ಕುಳಿತ ತಾಯಿಗೆ ಕೂಸು ಎಲ್ಲಿದೆಯೆಂದು ಗೆಜ್ಜೆಯೇ ಹೇಳುತ್ತಿತ್ತು. ಗೆಜ್ಜೆಯ ಸದ್ದು ನಿಂತಿತೆಂದರೆ ರೊಟ್ಟಿ ಬಡಿಯುವ ಕೈಯೂ ನಿಲ್ಲುತ್ತಿತ್ತು.

ಇಷ್ಟೆಲ್ಲ ಇದ್ದರೂ ನಿಜವಾದ ಸಾಧನ ಬೇರೆಯೇ ಇತ್ತು. ಅದು ಕೂಡುಕುಟುಂಬದಲ್ಲಿ ಕೈಕೆಲಸ ಬಿಟ್ಟು ಕುಳಿತ ಅಜ್ಜಿ. ಅಜ್ಜಿ ಇಲ್ಲದ ಮನೆಯಲ್ಲಿ ಏಳೆಂಟು ವರ್ಷದ ಅಕ್ಕ. ಅಕ್ಕನ ಸೊಂಟದ ಮೇಲೆ ತಮ್ಮ, ಅವಳ ಕೈಯಲ್ಲಿ ಪಾಟಿಯಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ಶಾಲೆಯಿಂದ ಹೊರಗುಳಿದುದಕ್ಕೆ ಇದೂ ಒಂದು ಕಾರಣ. ಒಂದು ಕೂಸಿನ ರಕ್ಷಣೆಗೆ ಇನ್ನೊಂದು ಮಗುವಿನ ಬಾಲ್ಯವನ್ನು ಬೆಲೆಯಾಗಿ ಕೊಟ್ಟದ್ದನ್ನು ನಾವು ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿಯೂ ಇರಲಿಲ್ಲ, ಅಕ್ಕನೂ ಇರಲಿಲ್ಲ. ನೀರಿಗೆ ಹೋಗುವಾಗ ಅವ್ವ ನನ್ನನ್ನು ಪಡಸಾಲೆಯ ಕಂಬಕ್ಕೆ ಕಟ್ಟಿಹಾಕುತ್ತಿದ್ದಳು. ಹಳೆಯ ಇಳಕಲ್ ಸೀರೆಯ ಸೆರಗನ್ನು ಹರಿದು ಮಾಡಿದ ಪಟ್ಟಿ, ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಕಂಬಕ್ಕೆ. ಪಟ್ಟಿಯ ಉದ್ದವನ್ನು ಆಕೆ ಅಳೆದಿಟ್ಟಿದ್ದಳು: ಕಟ್ಟೆಯ ಅಂಚು ಮುಟ್ಟಬಾರದು, ಅಡುಗೆಮನೆಯ ಬಾಗಿಲು ಮುಟ್ಟಬಾರದು, ಆದರೆ ಗೋಡೆಯ ಬದಿಯಲ್ಲಿಟ್ಟ ನೀರಿನ ತಂಬಿಗೆ ಸಿಗಬೇಕು. ಇದನ್ನು ಆಕೆ ನನಗೆ ಹೇಳಿದ್ದು ಬಹಳ ತಡವಾಗಿ, ಅದೂ ತಪ್ಪೊಪ್ಪಿಕೊಳ್ಳುವವಳಂತೆ. ಅದೇ ವರ್ಷ ನಮ್ಮ ಓಣಿಯಲ್ಲಿ ಇನ್ನೊಂದು ಕೂಸು ಬಚ್ಚಲಿನ ಕುದಿನೀರಿಗೆ ಬಿದ್ದು ತೀರಿಕೊಂಡಿತ್ತು. ಆ ಕೂಸಿನ ತಾಯಿ ನನ್ನ ಅವ್ವನ ಗೆಳತಿ. ಮಗನನ್ನು ದನದಂತೆ ಕಟ್ಟುತ್ತೀಯಲ್ಲ ಎಂದು ಹಿಂದೆ ಅವ್ವನನ್ನು ಹಂಗಿಸಿದವಳೂ ಆಕೆಯೇ. ಆಮೇಲೆ ಇಬ್ಬರೂ ಆ ಮಾತನ್ನು ಎತ್ತಲಿಲ್ಲವಂತೆ.

ಕಟ್ಟುವುದು ಹಿಂಸೆಯೇ? ನಮ್ಮ ಆಚಾರಶಾಸ್ತ್ರ ಈ ಪ್ರಶ್ನೆಯನ್ನು ತಪ್ಪಿಸಿಕೊಂಡಿಲ್ಲ. ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಬರುವುದೇ ಬಂಧ. ದನಕರುಗಳನ್ನೂ ಆಳುಕಾಳುಗಳನ್ನೂ ಮನೆಯವರನ್ನೂ ಮನಸ್ಸಿನ ಕ್ರೌರ್ಯದಿಂದ, ಅವರ ಗತಿಯೇನೆಂಬ ಯೋಚನೆಯಿಲ್ಲದೆ ಕಟ್ಟಿಹಾಕುವುದು ನಿರಪೇಕ್ಷ ಬಂಧ. ಅದು ವ್ರತಕ್ಕೆ ಕುಂದು. ಕಾರಣವಿದ್ದು, ಹಿತಕ್ಕಾಗಿ, ಸಡಿಲವಾಗಿ ಕಟ್ಟುವುದು ಸಾಪೇಕ್ಷ. ಬೆಂಕಿ ಬಿದ್ದರೆ ಬಿಚ್ಚಿ ಪಾರಾಗಲು ಬರುವಂಥ ಗಂಟಾಗಿರಬೇಕೆಂಬ ವಿವರವನ್ನೂ ಶ್ರಾವಕಾಚಾರದ ಹಳೆಯ ವ್ಯಾಖ್ಯಾನಕಾರರು ಮರೆತಿಲ್ಲ. ಗಂಟಿನ ಬಿಗಿಯವರೆಗೆ ಯೋಚಿಸಿದ ಆ ಆಚಾರ್ಯರು ಕೊಟ್ಟಿಗೆಗಳನ್ನೂ ಬೆಂಕಿ ಬಿದ್ದ ಮನೆಗಳನ್ನೂ ಕಣ್ಣಾರೆ ಕಂಡವರಾಗಿರಬೇಕು. ಹೀಗೆ ನೋಡಿದಾಗ ಬಂಧ ಇದೆಯೋ ಇಲ್ಲವೋ ಎಂಬುದಕ್ಕಿಂತ, ಕಟ್ಟಿದವರ ಚಿತ್ತ ಎಲ್ಲಿದೆ, ಎಷ್ಟು ಹೊತ್ತು, ಎಷ್ಟು ಸಡಿಲ ಎಂಬುದು ಮುಖ್ಯವಾಗುತ್ತದೆ.

ಕಟ್ಟುವುದರಲ್ಲಿಯೂ ಕಣ್ಣಿಗೆ ಕಾಣದ ಕಟ್ಟುಗಳಿವೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮು ಬೆರೆತ ಬಾಳಾಗೋಳಿ ನುಂಗಿಸಿ, ಚಾಳಿನ ಕೋಣೆಯಲ್ಲಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅಂದಿನ ವೈದ್ಯರೂ ಸರಕಾರದ ವಿಚಾರಣೆಗಳೂ ಇದನ್ನು ದಾಖಲಿಸಿವೆ. ಹತ್ತು ಗಂಟೆಯ ಪಾಳಿ ಮುಗಿಸಿ ಬರುವವರೆಗೆ ಕೂಸು ಅಳಬಾರದು, ತೆವಳಬಾರದು, ಒಲೆಗೆ ಹೋಗಬಾರದು. ಹಗ್ಗವಿಲ್ಲದ ಆ ಬಂಧನದಲ್ಲಿ ಎಷ್ಟೋ ಕೂಸುಗಳು ಏಳಲೇ ಇಲ್ಲ. ತಾಯಂದಿರನ್ನು ಕ್ರೂರಿಗಳೆನ್ನುವುದು ಸುಲಭ. ಗಿರಣಿಯೊಳಗೆ ಕೂಸಿಗೆ ಮೂರು ಮೊಳ ಜಾಗ ಕೊಡದಿದ್ದವರನ್ನು ಯಾರೂ ಹಾಗೆನ್ನಲಿಲ್ಲ. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವಿರಬೇಕೆಂದು ವಿಧಿಸಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು.

ಕಾರ್ಖಾನೆಗಳಿಗೇನೋ ಕಾಯ್ದೆ ಬಂದಿತು. ಹೊಲ, ರಸ್ತೆ, ಕಟ್ಟಡಗಳ ಕೆಲಸಕ್ಕೆ ಗೋಡೆಯೇ ಇಲ್ಲ, ಗೋಡೆಯಿಲ್ಲದಲ್ಲಿ ಶಿಶುಗೃಹವನ್ನು ಕೇಳುವುದು ಯಾರನ್ನು? ಬೀದರ ಜಿಲ್ಲೆಯ ಕೂಲಿಕಾರರು ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುವುದು ಇಂದಿಗೂ ನಿಂತಿಲ್ಲ. ಹುಮನಾಬಾದಿನ ಹೆದ್ದಾರಿಯಲ್ಲಿ ಬುಟ್ಟಿ, ಸಲಿಕೆ, ಪಾತ್ರೆ, ಕೂಸು ಇಷ್ಟನ್ನೇ ಹೊತ್ತು ಬಸ್ಸು ಕಾಯುವ ಸಂಸಾರಗಳನ್ನು ನೋಡದವರಿಲ್ಲ. ದಿಲ್ಲಿಯಲ್ಲಿ 1969ರಲ್ಲಿ ಗಾಂಧೀ ಜನ್ಮಶತಾಬ್ದಿಯ ಸಲುವಾಗಿ ರಾಜಘಾಟದ ಬಳಿ ಕಟ್ಟಡವೇಳುತ್ತಿದ್ದಾಗ, ಮಣ್ಣು ಕಲ್ಲುಗಳ ನಡುವೆ ಬಿದ್ದಿದ್ದ ಕೂಲಿಕಾರರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಅಲ್ಲಿಯೇ ಒಂದು ಡೇರೆಯಲ್ಲಿ ಶಿಶುಗೃಹವನ್ನು ತೆರೆದರು. ಮೊಬೈಲ್ ಕ್ರೆಶಸ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಕೆಲಸ ಎಲ್ಲಿಗೆ ಹೋಗುತ್ತದೆಯೋ ಕೂಸಿನ ಮನೆಯೂ ಅಲ್ಲಿಗೆ ಹೋಗಬೇಕೆಂಬುದು ಅದರ ಸರಳ ತತ್ತ್ವ. ಇಷ್ಟಾಗಿ ಐವತ್ತು ವರ್ಷಗಳಾಗುವ ಹೊತ್ತಿಗೂ, 2016ರಲ್ಲಿ ಅಹಮದಾಬಾದಿನ ಕಾಮಗಾರಿಯ ಸ್ಥಳವೊಂದರಲ್ಲಿ ಹದಿನೈದು ತಿಂಗಳ ಹೆಣ್ಣುಕೂಸಿನ ಕಾಲನ್ನು ಪಟ್ಟಿಯಿಂದ ಕಲ್ಲಿಗೆ ಕಟ್ಟಿದ್ದ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂದಿತು. ರಸ್ತೆಯ ವಾಹನಗಳತ್ತ ಕೂಸು ಹೋಗದಿರಲೆಂದು ತಾಯಿ ಕಟ್ಟಿದ್ದಳು. ಆ ಚಿತ್ರವನ್ನು ನೋಡಿ ಮರುಗಿದವರು ಬಹಳ ಮಂದಿ. ನಾನು ಮಾತ್ರ ಮೊದಲು ನೋಡಿದ್ದು ಗಂಟನ್ನು.

ಪಶ್ಚಿಮದ ದೇಶಗಳ ಚರಿತ್ರೆಯೂ ಇದಕ್ಕಿಂತ ಹೆಚ್ಚು ಗೌರವಯುತವೇನಲ್ಲ. ಕೂಸನ್ನು ಬಟ್ಟೆಯಲ್ಲಿ ಬಿಗಿದು ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿ ಕೆಲಸಕ್ಕೆ ಹೋಗುತ್ತಿದ್ದ ಕಾಲ ಯುರೋಪಿನಲ್ಲಿಯೂ ಇತ್ತು. ಆಮೇಲೆ ನಗರದ ಎತ್ತರದ ಕಟ್ಟಡಗಳಲ್ಲಿ ವಾಸ ಬಂದಾಗ, ಕೂಸಿಗೆ ಗಾಳಿ ಬೇಕು, ಆದರೆ ಅಂಗಳವಿಲ್ಲ ಎಂಬ ಸಮಸ್ಯೆ ಎದ್ದಿತು. ಅಮೆರಿಕದ ಸ್ಪೊಕೇನ್ ನಗರದ ಎಮ್ಮಾ ರೀಡ್ ಎಂಬಾಕೆ ಕಿಟಕಿಯ ಹೊರಗೆ ತೂಗುಹಾಕುವ ತಂತಿಬಲೆಯ ಪಂಜರವೊಂದಕ್ಕೆ 1923ರಲ್ಲಿ ಹಕ್ಕುಪತ್ರ ಪಡೆದಳು. ಲಂಡನ್ನಿನಲ್ಲಿ 1930ರ ದಶಕದಲ್ಲಿ ಇಂಥ ಪಂಜರಗಳಲ್ಲಿ, ಬೀದಿಯಿಂದ ಹಲವು ಮಹಡಿಗಳ ಮೇಲೆ, ಕೂಸುಗಳು ಬಿಸಿಲು ಕಾಯುತ್ತಿದ್ದವು. ಎಲಿನಾರ್ ರೂಸ್‌ವೆಲ್ಟ್ ಕೂಡ ನ್ಯೂಯಾರ್ಕಿನಲ್ಲಿ ತನ್ನ ಮಗಳನ್ನು ಹೀಗೆ ಕಿಟಕಿಯಾಚೆ ತೂಗುಹಾಕಿ, ನೆರೆಯವರು ದೂರು ಕೊಡುವುದಾಗಿ ಹೆದರಿಸಿದ ಮೇಲೆ ಬಿಟ್ಟಳಂತೆ. ಇದರ ಮುಂದೆ ನಮ್ಮ ಬೇವಿನ ಟೊಂಗೆಯ ಜೋಳಿಗೆ ಎಷ್ಟೋ ಮೇಲು!

ಪ್ಲೇಪೆನ್ ಎಂದು ಈಗ ನಮ್ಮ ಪೇಟೆಗಳಲ್ಲಿಯೂ ಮಾರುವ ಕಟಕಟೆ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಾಲ್ಕು ಬದಿಗೆ ಸರಳು ಇಲ್ಲವೆ ಬಲೆ, ನಡುವೆ ಹಾಸು, ನಾಲ್ಕೈದು ಆಟಿಕೆ. 1946ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಶಿಶುಪಾಲನೆಯ ಗ್ರಂಥದಲ್ಲಿ ಡಾಕ್ಟರ್ ಬೆಂಜಮಿನ್ ಸ್ಪಾಕ್ ಕೆಲಸದೊತ್ತಡದ ತಾಯಂದಿರಿಗೆ ಇದು ಅನುಕೂಲವೆಂದ. ಮರಿಯಾ ಮಾಂಟೆಸೊರಿಯವರ ಒಲವು ಇದಕ್ಕೆ ವಿರುದ್ಧವಾದುದು. 1939ರಿಂದ ಕೆಲವು ವರ್ಷ ಭಾರತದಲ್ಲಿದ್ದು ಅಡ್ಯಾರಿನಲ್ಲಿ ಶಿಕ್ಷಕರನ್ನು ತರಬೇತುಗೊಳಿಸಿದ ಆಕೆಗೆ, ಕೂಸು ತಾನೇ ಚಲಿಸಿ ಮುಟ್ಟಿ ತಿಳಿಯುವುದೇ ಅದರ ಬುದ್ಧಿಯ ಬೆಳವಣಿಗೆ. ಸರಳುಗಳ ಒಳಗಿಟ್ಟು ಆ ದಾರಿಯನ್ನು ಮುಚ್ಚಬಾರದು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಇಬ್ಬರೂ ನೆಲದ ಮಟ್ಟದ ಒಲೆಯಿರುವ ಮನೆಯನ್ನು ಮನಸ್ಸಿನಲ್ಲಿಟ್ಟು ಬರೆದಂತೆ ತೋರುವುದಿಲ್ಲ. ಇನ್ನು, ಕಾಯುವ ವಸ್ತುವೇ ಕೊಲ್ಲುವುದೂ ಉಂಟು. ತೊಟ್ಟಿಲ ಸರಳುಗಳ ನಡುವೆ ಕೂಸಿನ ಮೈ ನುಸುಳಿ ತಲೆ ಸಿಕ್ಕಿಕೊಂಡು ಆದ ಸಾವುಗಳನ್ನು ಕಂಡು ಅಮೆರಿಕದಲ್ಲಿ 1973ರಲ್ಲಿ ಸರಳುಗಳ ಅಂತರ ಆರು ಸೆಂಟಿಮೀಟರಿಗೆ ಮಿಕ್ಕಬಾರದೆಂಬ ನಿಯಮ ಬಂದಿತು. ಮತ್ತೆ ಅಗುಳಿಯ ಕಥೆ.

ಕಟಕಟೆಯಿಂದ ಕೂಸು ನಿಜಕ್ಕೂ ಉಳಿಯುತ್ತದೆಯೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಶ್ರೀಮಂತ ದೇಶವಲ್ಲ, ಬಾಂಗ್ಲಾದೇಶ. ಅಲ್ಲಿ ಹಳ್ಳಿಯ ಪ್ರತಿ ಮನೆಯ ಬಳಿಯೂ ಕೊಳ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ನೀರಲ್ಲಿ ಮುಳುಗುವುದು ಒಂದು ಮುಖ್ಯ ಕಾರಣ. ತಾಯಂದಿರು ಮನೆಗೆಲಸದಲ್ಲಿ ಮುಳುಗಿರುವ ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗಿನ ಅವಧಿಯಲ್ಲಿಯೇ ಹೆಚ್ಚಿನ ಸಾವುಗಳು ಸಂಭವಿಸುತ್ತವೆಂದು ಕಂಡುಬಂದಿತು. 2012ರ ನಂತರದ ಕೆಲವು ವರ್ಷಗಳಲ್ಲಿ ಏಳು ಉಪಜಿಲ್ಲೆಗಳ ಸಾವಿರಾರು ಮನೆಗಳಿಗೆ ಪ್ಲೇಪೆನ್‌ಗಳನ್ನು ಹಂಚಿ, ಜೊತೆಗೆ ಊರೂರಿನಲ್ಲಿ ಶಿಶುಗೃಹಗಳನ್ನು ತೆರೆದು ಹೋಲಿಸಿ ನೋಡಿದರು. ಶಿಶುಗೃಹಕ್ಕೆ ಹೋಗುವ ಮಕ್ಕಳಲ್ಲಿ ಮುಳುಗುಸಾವು ಸ್ಪಷ್ಟವಾಗಿ ತಗ್ಗಿತು. ಪ್ಲೇಪೆನ್ ಒಂದರಿಂದಲೇ ಅಂಥ ಸ್ಪಷ್ಟ ಫಲ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಕೂಸು ಅತ್ತಾಗ ಎತ್ತಿ ಹೊರಬಿಡುತ್ತಾರೆ, ಎರಡು ವರ್ಷ ತುಂಬಿದ ಮಗು ತಾನೇ ಹತ್ತಿ ಇಳಿಯುತ್ತದೆ, ಕಟಕಟೆಗೆ ಕಣ್ಣಿಲ್ಲ. ಶಿಶುಗೃಹದಲ್ಲಿ ಕಣ್ಣಿತ್ತು: ಇಪ್ಪತ್ತೈದು ಮಕ್ಕಳಿಗೆ ಊರಿನದೇ ಒಬ್ಬ ತಾಯಿ, ಜೊತೆಗೊಬ್ಬ ಸಹಾಯಕಿ, ಆ ನಾಲ್ಕು ಗಂಟೆಗಳ ಕಾಲ. ಮುಂದೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ವರ್ಷದೊಳಗಿನ ಮಕ್ಕಳಿಗೆ ಹಗಲಿನ ಶಿಶುಗೃಹಗಳಿರಬೇಕೆಂದು ಬಲವಾಗಿ ಶಿಫಾರಸು ಮಾಡಿತು. ನಮ್ಮದೇ ಪಶ್ಚಿಮ ಬಂಗಾಳದ ಸುಂದರಬನದಲ್ಲಿ ನಡೆದ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಮುಳುಗುಸಾವಿನ ಪ್ರಮಾಣ ಲಕ್ಷಕ್ಕೆ 243ರಷ್ಟಿತ್ತು. ಹೆಚ್ಚಿನವು ಮನೆಯ ಹತ್ತಿರದ ಕೊಳಗಳಲ್ಲಿಯೇ.

ಬಾಂಗ್ಲಾದೇಶದ ಆ ಶಿಶುಗೃಹಗಳಿಗೆ ಇಟ್ಟ ಹೆಸರು ಆಂಚಲ್. ಸೆರಗು ಎಂದು ಅದರ ಅರ್ಥ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಬೀದರ ಸೀಮೆಗೆ ಕೊಳಗಳ ಭಯವಿಲ್ಲ, ಇರುವುದು ನೀರಿಲ್ಲದ ಭಯ. ನೀರಿಗಾಗಿ ಭೂಮಿಯನ್ನು ತೋಡಿದ ಚರಿತ್ರೆ ಇಲ್ಲಿ ಹಳೆಯದು. ಬೀದರದ ನೌಬಾದಿನಲ್ಲಿ ಬಹಮನೀ ಕಾಲದ ಸುರಂಗಬಾವಿಯಿದೆ. ನೆಲದಡಿಯ ಕಾಲುವೆಗೆ ಗಾಳಿ ಬೆಳಕು ಹೋಗಲು ಮೇಲಿನಿಂದ ಸಾಲಾಗಿ ಕಂಡಿಗಳನ್ನು ಕೊರೆದಿದ್ದಾರೆ. ಅಂಥ ಅಗಲವಾದ ಕಂಡಿ ದೂರದಿಂದಲೇ ಕಾಣುತ್ತದೆ, ಎಚ್ಚರಿಸುತ್ತದೆ. ನಮ್ಮ ಕಾಲದ ಕೊಳವೆಬಾವಿ ಹಾಗಲ್ಲ. ಗೇಣಗಲದ ಬಾಯಿ, ನೂರಾರು ಅಡಿ ಆಳ. ನೀರು ಬಾರದಿದ್ದರೆ ಕೇಸಿಂಗ್ ಕೊಳವೆಯನ್ನೂ ಕಿತ್ತುಕೊಂಡು ಹೋಗುತ್ತಾರೆ. ಉಳಿಯುವುದು ಕೂಸಿನ ಮೈಯಳತೆಯ ಒಂದು ತೂತು, ಅದರ ಮೇಲೆ ಹೆಚ್ಚೆಂದರೆ ಒಂದು ಗೋಣಿಚೀಲ. 2007ರಲ್ಲಿ ರಾಯಚೂರು ಜಿಲ್ಲೆಯ ನೀರಮಾನ್ವಿಯಲ್ಲಿ, 2014ರಲ್ಲಿ ವಿಜಯಪುರದ ನಾಗಠಾಣದಲ್ಲಿ, ಅದೇ ವರ್ಷ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಮಕ್ಕಳು ಹೀಗೆ ಬಿದ್ದರು. ಯಾರೂ ಬದುಕಿ ಬರಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮನೆಯ ಹತ್ತಿರದ ಹೊಲದಲ್ಲಿ ಬಿದ್ದ, ಎರಡು ವರ್ಷವೂ ತುಂಬದ ಗಂಡುಕೂಸನ್ನು ಮಾತ್ರ ಸುಮಾರು ಇಪ್ಪತ್ತು ಗಂಟೆಗಳ ಶ್ರಮದಿಂದ ಜೀವಂತವಾಗಿ ಮೇಲೆತ್ತಲಾಯಿತು. ಅಂದು ನಾಡೇ ಹರ್ಷಪಟ್ಟಿತು. ಪಡಬೇಕಾದುದೇ. ಆದರೆ ಸರ್ವೋಚ್ಚ ನ್ಯಾಯಾಲಯ 2010ರ ಫೆಬ್ರವರಿ 11ರಂದೇ ಈ ವಿಷಯದಲ್ಲಿ ನಿರ್ದೇಶನಗಳನ್ನು ಕೊಟ್ಟು, ಆಗಸ್ಟಿನಲ್ಲಿ ಅವನ್ನು ಪರಿಷ್ಕರಿಸಿತ್ತು. ಕೊರೆಯುವ ಹದಿನೈದು ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಸೂಚನೆ, ಸುತ್ತ ಮುಳ್ಳುತಂತಿಯ ಬೇಲಿ, ಕೊಳವೆಯ ಸುತ್ತ ಸಿಮೆಂಟಿನ ಕಟ್ಟೆ, ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ಮುಚ್ಚಳ, ಬತ್ತಿದ ಬಾವಿಯನ್ನು ತಳದಿಂದ ನೆಲದವರೆಗೆ ಮಣ್ಣು ಮರಳಿನಿಂದ ತುಂಬುವುದು. ಹಗೇವಿನ ಬಾಯಿಗೆ ಹಾಸುಗಲ್ಲು ಹಾಕಲು ನಮ್ಮ ಅಜ್ಜಂದಿರಿಗೆ ನ್ಯಾಯಾಲಯದ ಆಜ್ಞೆ ಬೇಕಾಗಿರಲಿಲ್ಲ. ಹಗೇವಿನಲ್ಲಿ ಜೋಳವಿತ್ತು, ಬತ್ತಿದ ಬಾವಿಯಲ್ಲಿ ಏನೂ ಇಲ್ಲ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣವೆಂದರೆ ಕಟುವಾದೀತು. ಆದರೂ ಹೇಳುತ್ತೇನೆ.

ಸರಕಾರದ ಕೆಲಸಗಳನ್ನೂ ನೋಡೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲಿಗೆ ಆಯ್ದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು. ಇಂದು ಅಂಗನವಾಡಿ ಇಲ್ಲದ ಊರು ಅಪರೂಪ. ಆದರೆ ಅಂಗನವಾಡಿಯ ಚಾಪೆಯ ಮೇಲೆ ಕೂರುವುದು ಮೂರು ತುಂಬಿದ ಮಗು. ಅದಕ್ಕಿಂತ ಚಿಕ್ಕದಕ್ಕೆ ಮನೆಗೆ ಒಯ್ಯುವ ಆಹಾರ ಮತ್ತು ತೂಕದ ಲೆಕ್ಕ ಮಾತ್ರ. ಅಂಬೆಗಾಲಿಡುವ, ದಟ್ಟಡಿಯಿಡುವ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸಿಗೆ, ಎಂದರೆ ಕಾವಲು ಅತ್ಯಗತ್ಯವಾದ ವಯಸ್ಸಿಗೇ, ಜಾಗವಿರಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಒಬ್ಬ ಮಹಿಳೆಯನ್ನು ಅವರ ಪಾಲನೆಗೇ ನಿಯಮಿಸಿ ಕೂಲಿ ಕೊಡಬೇಕೆಂದು ಹೇಳಿತ್ತು. ಕೆರೆಯ ಹೂಳೆತ್ತುವಲ್ಲಿ, ಬದು ಹಾಕುವಲ್ಲಿ ಮರದ ನೆರಳಿಗೆ ಬಟ್ಟೆ ಹಾಸಿ ಕುಳಿತ ಅಂಥ ಮುದುಕಿಯರನ್ನು ನಾನು ಕೆಲವೆಡೆ ಕಂಡಿದ್ದೇನೆ, ಹಲವೆಡೆ ಕಂಡಿಲ್ಲ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2023ರಲ್ಲಿ 4000 ಗ್ರಾಮ ಪಂಚಾಯತಿಗಳಲ್ಲಿ ಮೂರು ವರ್ಷದೊಳಗಿನ ಕೂಸುಗಳಿಗಾಗಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯಹೊರಟಾಗ ಈ ಕೊರತೆ ಮೊದಲ ಬಾರಿ ಲೆಕ್ಕಕ್ಕೆ ಬಂದಿತೆನ್ನಬಹುದು. ಊರಿನ ಮಹಿಳೆಯರಿಗೇ ತರಬೇತಿ ಕೊಟ್ಟು ಆರೈಕೆಗೆ ನಿಯಮಿಸುವ ಈ ಯೋಜನೆಗೆ ಕೂಸಿನ ಮನೆ ಎಂದು ಹೆಸರಿಟ್ಟರು. ಹೆಸರಿಟ್ಟವರು ಯಾರೋ, ಅವರಿಗೆ ಕನ್ನಡ ಗೊತ್ತು. ಇಂಥ ಕೇಂದ್ರಗಳ ಬಾಳು ಕಟ್ಟಡದಲ್ಲಿಲ್ಲ, ಆ ಮಹಿಳೆಯರ ಕೂಲಿ ತಿಂಗಳು ತಿಂಗಳು ತಪ್ಪದೆ ಅವರ ಕೈ ಸೇರುವುದರಲ್ಲಿದೆ. ಕಾಯುವ ಕಣ್ಣಿಗೆ ಬೆಲೆ ಕಟ್ಟದ ಹಳೆಯ ಅಭ್ಯಾಸ ನಮ್ಮದು. ಅಜ್ಜಿಗೂ ಕಟ್ಟಲಿಲ್ಲ, ಅಕ್ಕನಿಗೂ ಕಟ್ಟಲಿಲ್ಲ.

ಕೊಹಿನೂರದ ಸುತ್ತಲಿನ ಹಳ್ಳಿಗಳಲ್ಲಿ ಮಾಳಿಗೆಯ ಮನೆಗಳು ಈಗ ಕಡಿಮೆ. ಆರ್‌ಸಿಸಿ ಛಾವಣಿ, ಟೈಲ್ಸ್ ನೆಲ, ಗ್ಯಾಸಿನ ಒಲೆ. ಹಗೇವುಗಳನ್ನು ಬಹುಪಾಲು ಮುಚ್ಚಿದ್ದಾರೆ, ಎತ್ತಿನ ಕಾಲ ಕೆಳಗೆ ಉರುಳುವ ಭಯವಿಲ್ಲ. ಅಗುಳಿ ಮಾತ್ರ ರೂಪ ಬದಲಿಸಿದೆ. ಬಚ್ಚಲಲ್ಲಿ ತುಂಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ತಲೆಕೆಳಗಾಗಿ ಬಿದ್ದ ಕೂಸು ಎದ್ದುಬರಲಾರದು, ಗೇಣುದ್ದ ನೀರು ಸಾಕು. ತೊಗರಿಗೆ ಸಿಂಪಡಿಸುವ ಔಷಧ ತಂಪುಪಾನೀಯದ ಸೀಸೆಯಲ್ಲಿ, ಸೀಮೆಎಣ್ಣೆ ನೀರಿನ ಬಾಟಲಿಯಲ್ಲಿ, ಎರಡೂ ಕೂಸಿನ ಕೈಗೆ ಸಿಗುವ ಗೂಡಿನಲ್ಲಿ. ರಾಶಿಯ ಕಾಲದಲ್ಲಿ ಅಂಗಳದ ತುಂಬ ಹರಡಿದ ಕಾಳು, ಶೇಂಗಾ. ಹಲ್ಲು ಸರಿಯಾಗಿ ಬಾರದ ಮಗುವಿನ ಬಾಯಿಂದ ಅದು ಶ್ವಾಸನಾಳಕ್ಕೆ ಇಳಿದರೆ ಹತ್ತಿರದ ಶಸ್ತ್ರವೈದ್ಯರು ಹತ್ತಾರು ಹರದಾರಿ ದೂರ. ಮೆಟ್ಟಿಲಿಗೆ ಕಟಾಂಜನವಿಲ್ಲ, ಏಕೆಂದರೆ ಮೇಲಿನ ಮಹಡಿ ಇನ್ನೂ ಕಟ್ಟಬೇಕಿದೆ. ಹತ್ತು ವರ್ಷದಿಂದ ಕಟ್ಟಬೇಕಿದೆ. ಔಷಧದ ಡಬ್ಬಿಯನ್ನು ಅದರದೇ ಡಬ್ಬಿಯಲ್ಲಿ ಎತ್ತರದ ಗೂಡಿನಲ್ಲಿಟ್ಟು ಕೀಲಿ ಹಾಕುವುದಕ್ಕೆ, ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕುವುದಕ್ಕೆ ಹಣ ಬೇಕಿಲ್ಲ. ಸಂಜೆಯ ಮೊದಲು ನೀರನ್ನು ಸೋಸಿ ಮುಚ್ಚಿಡುವ, ಒಲೆಯನ್ನು ಒರೆಸಿ ಸೂಕ್ಷ್ಮ ಜೀವಿಗಳನ್ನು ಕಾಯುವ ಮನೆಗಳಲ್ಲಿಯೂ ಈ ಬಕೆಟ್ಟು ತುಂಬಿಯೇ ಇರುವುದನ್ನು ನಾನು ಕಂಡಿದ್ದೇನೆ. ಯಾರ ಮನಸ್ಸನ್ನೂ ನೋಯಿಸುವುದು ನನ್ನ ಉದ್ದೇಶವಲ್ಲ. ಅವುಗಳಲ್ಲಿ ಒಂದು ನನ್ನದೇ ಮನೆ.

ಅವ್ವ ತನ್ನ ಕೊನೆಯ ವರ್ಷಗಳಲ್ಲಿ ಪುಣೆಗೆ, ಮೊಮ್ಮಗನ ಮನೆಗೆ ಬಂದಿದ್ದಳು. ಐದನೆಯ ಮಹಡಿಯ ಫ್ಲ್ಯಾಟು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಕೂಸನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಬರುತ್ತಿದ್ದಳು. ಪಡಸಾಲೆಯ ನಡುವೆ ಬಲೆಯ ಗೋಡೆಯ, ಬಣ್ಣಬಣ್ಣದ ಒಂದು ಪ್ಲೇಪೆನ್ ಇತ್ತು. ಮರಿಮಗ ಅದರ ಅಂಚು ಹಿಡಿದು ನಿಂತು ನಗುತ್ತಿದ್ದ. ಅವ್ವ ಬಹಳ ಹೊತ್ತು ನೋಡಿದಳು. ಸುತ್ತ ಒಂದು ಸುತ್ತು ಬಂದಳು. ಬಲೆಯನ್ನು ಕೈಯಿಂದ ಒತ್ತಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಛಲೋ ಅದ. ಆದರ ಇದರ ಗಂಟು ಎಲ್ಲದ, ತಮ್ಮಾ?" ಎಂದು ಕೇಳಿದಳು. ಬದಿಯಲ್ಲಿದ್ದ ಜಿಪ್ಪನ್ನು ತೋರಿಸಿದೆ. ಅದನ್ನು ಎರಡು ಸಲ ಎಳೆದು ತೆಗೆದು, ಹಾಕಿ, ಕೆಲಸದ ಹುಡುಗಿಯನ್ನು ಕರೆದು ಅವಳ ಕೈಯಿಂದಲೂ ಒಮ್ಮೆ ತೆಗೆಸಿ ನೋಡಿದ ಮೇಲೆಯೇ ಅವ್ವ ಊಟಕ್ಕೆ ಎದ್ದದ್ದು.